ಗೋದಲಿಗೆ ಹೋಗದ ವರ್ಕ್‌ಶಾಪು

ಕಾಫಿಪುಡಿಯ ವಾಸನೆ ಬರುವ ರೈಲ್ವೆ ವರ್ಕ್‌ಶಾಪನ್ನು ನೀವು ನೋಡಿರಲಿಕ್ಕಿಲ್ಲ. ನನ್ನ ಮೇಜಿನ ಮೇಲೆ ಈಗ ಒಂದು ಉಂಟು. ಹಂಚಿನ ಮಾಡು ಕುಸಿದಿದೆ. ಪಕ್ಕದ ಮನೆಯ ಹಿಲ್ಡಾ ಆಂಟಿ ಬೆಳಿಗ್ಗೆ ಅದನ್ನು ಅಟ್ಟದಿಂದ ಇಳಿಸಿ ತಂದುಕೊಟ್ಟರು. "ನಮ್ಮವರ ಕೈ ಈಗ ನಡುಗ್ತದೆ. ಬಾಯಲ್ಲಿ ಹಾಳು ಮಾಡಿದ್ದು ನೀನು, ಕೈಯಲ್ಲಿ ಸರಿ ಮಾಡು" ಎಂದರು. ಆರೋಪ ನಿಜ. ವಿವರ ಕೇಳಿ.

ಆಂಟಿಯ ಗಂಡ ಫೆಲಿಕ್ಸ್ ಅಂಕಲ್ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯಾಗಿ ನಮ್ಮ ಶಕ್ತಿನಗರಕ್ಕೆ ಬಂದ ಮೇಲೆ, ತಾವು ದುಡಿದ ವರ್ಕ್‌ಶಾಪನ್ನು ಎಂಬತ್ತೇಳರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿ ಕಟ್ಟತೊಡಗಿದರು. ಗೋಡೆಗೆ ಹಳೆಯ ಮದುವೆ ಕಾಗದಗಳ ದಪ್ಪ ರಟ್ಟು. ಹಂಚಿಗೆ ಕೇಕಿನ ಪೆಟ್ಟಿಗೆ. ಕಿಟಕಿ ಗಾಜಿಗೆ ಆಂಟಿಯ ಮೊಣಕಾಲಿನ ಎಕ್ಸ್‌ರೇ ಫಿಲ್ಮು, ಉಜ್ಜಿ ತೊಳೆದದ್ದು. ಆದರೂ ಮೂರನೆಯ ಕಿಟಕಿಯಲ್ಲಿ ಎಲುಬಿನ ತುಂಡೊಂದು ಇವತ್ತಿಗೂ ಕಾಣುತ್ತದೆ. ತುಕ್ಕಿಗೆ, ಕೊಳೆಗೆ ಕಾಫಿಪುಡಿ. ಎಲ್ಲ ಮುಗಿದ ಮೇಲೆ ಬ್ಲೇಡಿನಿಂದ ಎರಡು ಗಾಜು ಒಡೆದರು. ಎಲ್ಲ ಗಾಜೂ ಸರಿಯಿರುವ ವರ್ಕ್‌ಶಾಪನ್ನು ಅವರು ನೋಡಿಯೇ ಇರಲಿಲ್ಲವಂತೆ.

ಅವರ ಆಸೆ ಒಂದೇ: ಕ್ರಿಸ್ಮಸ್ಸಿಗೆ ಮನೆಯಲ್ಲಿ ಕಟ್ಟುವ ಗೋದಲಿಯಲ್ಲಿ, ದನದ ಕೊಟ್ಟಿಗೆಯ ಬದಲು ಈ ವರ್ಕ್‌ಶಾಪು ಇರಬೇಕು, ಯೇಸು ಅಲ್ಲಿ ಹುಟ್ಟಬೇಕು. ಆದರೆ ಗೋದಲಿಯ ಬೊಂಬೆಗಳು ಆಂಟಿಯ ತವರಿನವು, ಹಾಗಾಗಿ ತೀರ್ಪೂ ಅವರದೇ. ಬೆತ್ಲೆಹೇಮಿನಲ್ಲಿ ರೈಲು ಎಲ್ಲಿತ್ತು ಎಂದು ಆಂಟಿ ಕೇಳಿದ್ದಕ್ಕೆ, ನೀನು ಪ್ರತಿ ವರ್ಷ ನೆಡುವ ತೆಂಗಿನಮರ ಎಲ್ಲಿತ್ತು ಎಂದು ಅಂಕಲ್ ಕೇಳಿದ್ದರು. ಒಳ್ಳೆಯ ವಾದ. ಅಲ್ಲಿಗೇ ನಿಲ್ಲಿಸಬೇಕಿತ್ತು. ಅವರು ತಮ್ಮ ಪರ ವಕೀಲಿಕೆಗೆ ನನ್ನನ್ನು ಕರೆದರು.

ನಾನು ಆಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡಕ್ಕೂ ಕಪ್ ಗೆದ್ದವಳು. ಯಾವ ಕಡೆ ಕೂತಿದ್ದೇನೆ ಎಂದು ನೆನಪಿಟ್ಟುಕೊಳ್ಳುವ ಅಭ್ಯಾಸ ಮಾತ್ರ ಆಗಿರಲಿಲ್ಲ. ಆಂಟಿ ಕೇಳಿದ್ದು ಸಣ್ಣ ಪ್ರಶ್ನೆ: "ಬಾಲಯೇಸುವನ್ನು ಒಳಗೆ ಮಲಗಿಸ್ಲಿಕ್ಕೆ ಆಗ್ತದಾ?" ನಾನು ಬೊಂಬೆಯನ್ನು ಅಳೆದೆ. ಒಂದು ಗೇಣು. ಎಂಬತ್ತೇಳರಿಂದ ಗುಣಿಸಿದೆ. ಈ ಅಳತೆಯ ಪ್ರಕಾರ ಮಗು ಇಪ್ಪತ್ತು ಮೀಟರ್ ಉದ್ದ, ಡೀಸೆಲ್ ಎಂಜಿನ್ನಿಗಿಂತ ದೊಡ್ಡದು, ಹೆತ್ತ ತಾಯಿಯ ಬಗ್ಗೆ ಯೋಚಿಸಿ ಎಂದು ಸಾಬೀತು ಮಾಡಿದೆ. ಗೆದ್ದೆ. ವರ್ಕ್‌ಶಾಪು ಅಟ್ಟಕ್ಕೆ ಹೋಯಿತು. ಅಂಕಲ್ ಹೇಳಿದ್ದು ಇಷ್ಟೇ: "ನೀನು ಯಾರ ಪಾರ್ಟಿ ಮಾರಾಯ್ತಿ?"

ಈಗ ಅಂಟು, ಚಿಮಟ ಹಿಡಿದು ಕುಸಿದ ಮಾಡನ್ನು ಎತ್ತಿದೆ. ಒಳಗೆ ಲೇತ್ ಮೆಷಿನ್, ಕಬ್ಬಿಣ ಕಚ್ಚಿಹಿಡಿಯುವ ವೈಸ್, ಎಂಜಿನ್ನಿನ ಅಡಿಗೆ ಇಳಿದು ಕೆಲಸ ಮಾಡುವ ಹೊಂಡ, ಬೆಂಕಿಕಡ್ಡಿಯ ಏಣಿ. ಮಾಡು ಮುಚ್ಚಿದ ಮೇಲೆ ಯಾರಿಗೂ ಕಾಣದ ಜಾಗಕ್ಕೆ ಇಷ್ಟೆಲ್ಲ ಯಾಕೆ ಎಂದುಕೊಳ್ಳುತ್ತಿರುವಾಗ, ಹೊಂಡದ ಪಕ್ಕದ ಟೂಲ್ ಬಾಕ್ಸ್ ಕಂಡಿತು. ಅದರಲ್ಲಿ ಬಿಳಿ ನೂಲು ಸುತ್ತಿದ ಒಂದು ಕುಚ್ಚಲಕ್ಕಿ ಕಾಳು. ಒಂದು ತುದಿಯಲ್ಲಿ ಪೆನ್ಸಿಲಿನ ಎರಡು ಚುಕ್ಕಿ, ಕಣ್ಣು.

ಅಳೆದೆ. ಆರು ಮಿಲಿಮೀಟರ್. ಎಂಬತ್ತೇಳರಿಂದ ಗುಣಿಸಿದರೆ ಅರ್ಧ ಮೀಟರಿಗೆ ಸ್ವಲ್ಪ ಜಾಸ್ತಿ, ಆಗ ತಾನೇ ಹುಟ್ಟಿದ ಮಗುವಿನ ಉದ್ದ. ದೇವರನ್ನು ನಾನು ಆಗಲೂ ನಂಬಿರಲಿಲ್ಲ, ಈಗಲೂ ಇಲ್ಲ. ಅಳತೆಯ ವಿಷಯದಲ್ಲಿ ತಕರಾರಿಲ್ಲ.

ಕಂಪೌಂಡಿನ ಹತ್ತಿರ ಹೋಗಿ, ಇದನ್ನು ಯಾವಾಗ ಮಾಡಿದ್ದು ಎಂದು ಅಂಕಲ್‌ರನ್ನು ಕೇಳಿದೆ. ನಾನು ಲೆಕ್ಕ ಹೇಳಿ ಮನೆಗೆ ಹೋದ ದಿನವೇ ಅಂತೆ. ಮತ್ತೆ ಯಾಕೆ ಹೇಳಲಿಲ್ಲ?

"ನೀನು ಆಮೇಲೂ ಮಾತಾಡ್ತಾನೇ ಇದ್ದಿ."

ಮಾಡನ್ನು ಅಂಟಿಸಲಿಲ್ಲ. ಎತ್ತಿ ನೋಡಲು ಬರುವಂತೆ ಒಂದು ಬದಿಗೆ ಬಟ್ಟೆಯ ಪಟ್ಟಿಯ ಬಿಜಾಗರಿ ಕೂರಿಸಿದೆ. ಸಂಜೆ ಕೊಂಡುಹೋದಾಗ ಆಂಟಿ ಗೋದಲಿಗೆ ಹುಲ್ಲು ಹಾಸುತ್ತಿದ್ದರು. ಅಂಕಲ್ ಕುರ್ಚಿಯಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಮಾಡು ಎತ್ತಿ ಹಿಡಿದು, ಭೂತಗನ್ನಡಿಯನ್ನು ಆಂಟಿಯ ಕೈಗೆ ಕೊಟ್ಟೆ. ಟೂಲ್ ಬಾಕ್ಸಿನತ್ತ ಬೆರಳು ತೋರಿಸಿದೆ.

ಆಂಟಿ ಬಗ್ಗಿ ತುಂಬ ಹೊತ್ತು ನೋಡಿದರು. ಆಮೇಲೆ ಗೋದಲಿಯಿಂದ ಒಂಟೆಯನ್ನು ಎತ್ತಿ ಪಕ್ಕಕ್ಕಿಟ್ಟು, ಜಾಗ ಮಾಡಿದರು.