ಓನರ್ ಮನೆಯ ವಿಂಡೋಸ್ ಲ್ಯಾಪ್‌ಟಾಪ್

ಓನರ್ ಅಂಕಲ್ ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ನಡುವೆ ಸೀಳಿರುತ್ತಿತ್ತು. ಹಳೆಯ ಲ್ಯಾಪ್‌ಟಾಪುಗಳ ಮುಚ್ಚಳವನ್ನು ಅವರು ಬಿಚ್ಚುತ್ತಿದ್ದದ್ದು ಅದೇ ಉಗುರಿನಿಂದ. ಸಂದಿಯಲ್ಲಿ ಉಗುರು ತೂರಿಸಿ, ಹಲಸಿನ ತೊಳೆ ಬಿಡಿಸುವವರ ಹಾಗೆ ನಿಧಾನವಾಗಿ ಎಬ್ಬಿಸುತ್ತಿದ್ದರು. "ಸ್ಕ್ರೂಡ್ರೈವರ್ ಇಲ್ವಾ ಅಂಕಲ್?" ಎಂದು ಕೇಳಿದರೆ, "ಇದೆಯಮ್ಮ. ಆದ್ರೆ ಅದಕ್ಕೆ ನೋವಾಗಲ್ಲ ನೋಡು, ಎಷ್ಟು ಒತ್ತಬೇಕು ಅಂತ ಗೊತ್ತಾಗಲ್ಲ" ಅನ್ನುತ್ತಿದ್ದರು.

ಅಲ್ಲಾಳಸಂದ್ರದ ಅವರ ಮನೆಯ ಮೇಲಿನ ಪೋರ್ಷನ್ನಿಗೆ ನಾನು ಬಾಡಿಗೆಗೆ ಬಂದೆ. ಯಲಹಂಕದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುವ ಒಂಟಿ ಹೆಂಗಸು ನಾನು. ಅಲ್ಲಿಯವರೆಗೆ ನೋಡಿದ ಮನೆಗಳ ಓನರ್‌ಗಳೆಲ್ಲ ವೆಜ್ಜಾ ನಾನ್‌ವೆಜ್ಜಾ, ಯಾಕೆ ಮದುವೆಯಾಗಿಲ್ಲ, ಮನೆಗೆ ಯಾರು ಯಾರು ಬರುತ್ತಾರೆ ಎಂದೆಲ್ಲ ವಿಚಾರಣೆ ನಡೆಸಿದ್ದರು. ಇವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಕಂಪ್ಯೂಟರಲ್ಲಿರೋದು ವಿಂಡೋಸೋ, ಲಿನಕ್ಸೋ?" ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಂದರೆ ವಿಂಡೋಸ್ ಎಂದು ಅವರಿಗೆ ಅರ್ಥವಾಯಿತು.

ಮನೆಯಲ್ಲಿ ವೈಫೈ ಉಚಿತ, ಆದರೆ ವಿಂಡೋಸ್ ಇರುವ ಯಂತ್ರವನ್ನು ಅದಕ್ಕೆ ಸೇರಿಸುವಂತಿಲ್ಲ. ಇದು ಆ ಮನೆಯ ಕಾನೂನು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಂಜಿನಿಯರಾಗಿ ನಿವೃತ್ತರಾದ ಮೇಲೆ ಅವರಿಗೆ ಹಿಡಿದ ಹುಚ್ಚು ಅದು. ಕಂಪ್ಯೂಟರ್ ನಡೆಸುವ ತಂತ್ರಾಂಶಗಳಲ್ಲಿ ವಿಂಡೋಸ್ ಒಂದು ಕಂಪನಿಯ ಸೊತ್ತು, ಒಳಗೇನಿದೆ ಎಂದು ನೋಡಲು ಬಿಡುವುದಿಲ್ಲ. ಲಿನಕ್ಸ್ ಎಲ್ಲರದು, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. "ಮನೆ ನಿಂದು ಅಂದ್ಮೇಲೆ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ ಯಾಕಿರಬೇಕು?" ಎನ್ನುವುದು ಅವರ ವೇದವಾಕ್ಯ. ಪ್ರತಿ ತಿಂಗಳೂ ಬಾಡಿಗೆ ತೆಗೆದುಕೊಂಡು ತನ್ನ ಮನೆಯ ಬೀಗದ ಕೈಯನ್ನು ಸೊಂಟದಲ್ಲಿಟ್ಟುಕೊಂಡ ಓನರ್ ಈ ಮಾತು ಹೇಳುವುದು ನನಗೆ ತಮಾಷೆಯಾಗಿ ಕಾಣುತ್ತಿತ್ತು. ಹೇಳಿಯೂ ಬಿಟ್ಟೆ. ಅವರು ಜೋರಾಗಿ ನಕ್ಕು, ಆ ಭಾನುವಾರವೇ ನನ್ನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟರು.

ಇಂಥವರ ಮನೆಯಲ್ಲೂ ಒಂದು ವಿಂಡೋಸ್ ಲ್ಯಾಪ್‌ಟಾಪ್ ಇತ್ತು. ಮಡಿವಂತರು ಈರುಳ್ಳಿ ಅಡಗಿಸಿಟ್ಟ ಹಾಗೆ, ಅದನ್ನು ಅಡುಗೆಮನೆಯ ಹಿಂದೆ ಗ್ರೈಂಡರ್ ಪಕ್ಕ, ಹಳೆಯ ಟವೆಲ್ ಮುಚ್ಚಿ ಇಟ್ಟಿದ್ದರು. ಅದು ಅವರ ಹೆಂಡತಿ, ಆಂಟಿಗಾಗಿ.

ಆಂಟಿಗೆ ಎರಡೂ ಕಿವಿ ಮಂದ. ಕಿವಿ ಮೆಷಿನ್ ಇಲ್ಲದಿದ್ದರೆ ಪಕ್ಕದಲ್ಲಿ ಕೂತು ಕೂಗಿದರೂ ಮುಖ ನೋಡಿ ಊಹಿಸಬೇಕು. ಅವರ ಕಿವಿ ಮೆಷಿನ್ನಿನಲ್ಲಿ ಯಾವ ಸದ್ದನ್ನು ಎಷ್ಟು ಏರಿಸಬೇಕು, ಯಾವುದನ್ನು ಇಳಿಸಬೇಕು ಎಂದು ಹೊಂದಿಸುವ ಸಾಫ್ಟ್‌ವೇರ್ ವಿಂಡೋಸಿನಲ್ಲಿ ಮಾತ್ರ ನಡೆಯುತ್ತಿತ್ತು. ಲಿನಕ್ಸಿಗೆ ಅಂಥದ್ದನ್ನು ಯಾರೂ ಮಾಡಿರಲಿಲ್ಲ. ಅಂಕಲ್ ಎಲ್ಲೆಲ್ಲೋ ಹುಡುಕಿ, ಯಾರ್ಯಾರಿಗೋ ಬರೆದು, ಬೇಸತ್ತು ಸುಮ್ಮನಾಗಿದ್ದರು.

ಕ್ಲಿನಿಕ್‌ನವರು ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿ ಕುಂಯ್ ಕುಂಯ್ ಎನ್ನಿಸಿ ಹೊಂದಿಸಿ ಕಳಿಸುತ್ತಿದ್ದರು. ಮನೆಗೆ ಬಂದರೆ ಕುಕ್ಕರ್ ಕೂಗಿದಾಗ ಆಂಟಿಗೆ ಪ್ರಾಣ ಹೋದಂತಾಗುತ್ತಿತ್ತು. ಹತ್ತಿರದ ಏರ್‌ಫೋರ್ಸ್ ನೆಲೆಯ ವಿಮಾನ ತಲೆ ಮೇಲೆ ಹೋದರಂತೂ ಕಿವಿಯಿಂದ ಕಿತ್ತೆಸೆಯುತ್ತಿದ್ದರು. ಅದಕ್ಕೇ ಅಂಕಲ್ ಆ ಸಾಫ್ಟ್‌ವೇರನ್ನೂ ಜೋಡಿಸುವ ಪುಟ್ಟ ಪೆಟ್ಟಿಗೆಯನ್ನೂ ಸಂಪಾದಿಸಿ, ಕೆಲಸವನ್ನು ಅಡುಗೆಮನೆಗೇ ತಂದಿದ್ದರು. ಆಂಟಿ ಸ್ಟೂಲಿನ ಮೇಲೆ ಕೂರುವುದು, ಎರಡೂ ಕಿವಿಯ ಹಿಂದಿನಿಂದ ಎಳೆ ವೈರು ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ. ಒಲೆಯ ಮೇಲೆ ಒಗ್ಗರಣೆ ಸಿಡಿಯಬೇಕು, ನಲ್ಲಿ ಬಿಡಬೇಕು, ಸೊಪ್ಪಿನವಳು ಬೀದಿಯಲ್ಲಿ ಕೂಗಬೇಕು. ಹಾಗಾಗಿ ಬೆಳಗಿನ ಹೊತ್ತೇ ಮುಹೂರ್ತ.

ಆಂಟಿ ಸದ್ದನ್ನು ಹೇಳುತ್ತಿದ್ದದ್ದು ಅಡುಗೆಯ ಮಾತಿನಲ್ಲಿ. "ಖಾರ ಆಯ್ತು ರೀ" ಎಂದರೆ ತೀಕ್ಷ್ಣ ಸದ್ದು ಚುಚ್ಚುತ್ತಿದೆ ಎಂದು. "ಸಪ್ಪೆ" ಎಂದರೆ ಮಾತು ಬಿಡಿಸಿ ಕೇಳುತ್ತಿಲ್ಲ. "ತಳ ಹಿಡಿದಿದೆ" ಎಂದರೆ ಫ್ಯಾನು, ಬಸ್ಸುಗಳ ಗುಂಯ್ ಸದ್ದು ಉಳಿದದ್ದನ್ನೆಲ್ಲ ನುಂಗಿದೆ. ಅಂಕಲ್‌ಗೆ ಅದೆಲ್ಲ ಪಾಠವಾಗಿತ್ತು. ಪರದೆಯ ಮೇಲಿನ ಗೆರೆಯನ್ನು ಒಂದಿಷ್ಟು ಏರಿಸಿ, ಒಂದಿಷ್ಟು ಇಳಿಸಿ, "ಈಗ?" ಅನ್ನುವರು. "ಈಗ ಹದ" ಎಂದು ಆಂಟಿ ಹೇಳಿದಾಗ ಅವರ ಮುಖ ನೋಡಬೇಕಿತ್ತು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಟವೆಲ್ ಹೊದಿಸಿ, "ಇನ್ನು ಮಲ್ಕೋ, ದರಿದ್ರದ್ದೇ" ಎಂದು ಬೈಯುವರು.

ಒಂದು ಸಲ ಅವರ ಮಡಿವಂತಿಕೆ ತಲೆಗೇರಿತು. ತಮ್ಮ ಲ್ಯಾಪ್‌ಟಾಪಿನ ಲಿನಕ್ಸ್ ಒಳಗೇ ವಿಂಡೋಸಿನ ನೆರಳೊಂದನ್ನು ನಿಲ್ಲಿಸಿ, ಅದರಲ್ಲಿ ಆ ಸಾಫ್ಟ್‌ವೇರ್ ತೆರೆಯುವಂತೆ ಮಾಡಿದರು. ತೆರೆಯಿತು. ಪೆಟ್ಟಿಗೆಯೂ ಕಂಡಿತು. ಕಂಡದ್ದೇ ತಡ, ಅಡುಗೆಮನೆಯ ಲ್ಯಾಪ್‌ಟಾಪಿನ ವಿಂಡೋಸನ್ನು ಪೂರ್ತಿ ಅಳಿಸಿ, "ಇವತ್ತಿಂದ ನಮ್ಮನೆ ಶುದ್ಧ" ಎಂದು ಮೆಟ್ಟಿಲ ಕೆಳಗಿಂದ ನನಗೆ ಕೂಗಿ ಹೇಳಿದರು. ನಾನು ಇಳಿದು ಬರುವ ಹೊತ್ತಿಗೆ ಆಂಟಿ ಸ್ಟೂಲಿನ ಮೇಲೆ ಕೂತಾಗಿತ್ತು. ಹೊಸ ಹೊಂದಿಕೆ ಕಿವಿ ಮೆಷಿನ್ನಿಗೆ ಇಳಿಯುತ್ತಿರುವಾಗ ಅರ್ಧಕ್ಕೆ ಸಂಪರ್ಕ ಕಡಿಯಿತು. ಎರಡೂ ಮೆಷಿನ್ ಮೂಕವಾದವು.

ಸದ್ದು ಥಟ್ಟನೆ ನಿಂತದ್ದಕ್ಕೆ ಆಂಟಿ, ಮೇಲೆ ಫ್ಯಾನ್ ತಿರುಗುತ್ತಿದ್ದರೂ, "ಕರೆಂಟ್ ಹೋಯ್ತಾ ರೀ?" ಎಂದರು.

ಅಂಕಲ್ ಏನೇನೋ ಹೇಳಿದರು, ಅವರಿಗೆ ಕೇಳಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದರು, ಆಗಲಿಲ್ಲ. ಕ್ಲಿನಿಕ್‌ಗೆ ಹೋಗೋಣ ಎಂದು ಸನ್ನೆ ಮಾಡಿದರೆ ಆಂಟಿ, "ಅವರ ಅಡುಗೆ ನಂಗೆ ಒಗ್ಗಲ್ಲ. ನೀವೇ ಕೆಡಿಸಿದ್ದು, ನೀವೇ ಮಾಡಿ" ಎಂದು ಎದ್ದುಹೋದರು. ಆ ಕೆಲವು ದಿನ ಕೆಳಗಿನ ಮನೆಯಲ್ಲಿ ಮಾತೇ ಇರಲಿಲ್ಲ. ಕೊನೆಗೆ ಅಂಕಲ್ ಆರ್.ಟಿ. ನಗರದ ಕಂಪ್ಯೂಟರ್ ಅಂಗಡಿಗೆ ಹೋಗಿ ವಿಂಡೋಸ್ ಹಾಕಿಸಿಕೊಂಡು ಬಂದರು. ಅಂಗಡಿಯ ಭಾಯ್ "ಏನ್ ಸಾರ್, ನೀವಾ? ತಬಿಯತ್ ಸರಿಯಾಗಿದೆಯಲ್ಲ?" ಎಂದು ಕೇಳಿದನಂತೆ. ಆ ಭಾಯ್‌ಗೆ ಅವರು ವರ್ಷಗಟ್ಟಲೆ ಲಿನಕ್ಸ್ ಬೋಧನೆ ಮಾಡಿದ್ದರು.

ಮರುದಿನ ಬೆಳಿಗ್ಗೆ ಮತ್ತೆ ಸ್ಟೂಲು, ವೈರು, ಒಗ್ಗರಣೆ. ಮೆಷಿನ್‌ಗೆ ಜೀವ ಬಂದ ಕೂಡಲೇ ಅಂಕಲ್ ಹೇಳಿದ ಮೊದಲ ಮಾತು, "ತಪ್ಪಾಯ್ತು ಕಣೇ."

ಆಂಟಿ ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ, "ಸಪ್ಪೆ. ಇನ್ನೊಂದ್ಸಲ ಹೇಳಿ" ಎಂದರು.

ನನಗೆ ಆ ಬೆಳಗು ಬಹಳ ಇಷ್ಟ. ಅವರಿಬ್ಬರನ್ನು ನೆನೆಯುವಾಗ ಅಲ್ಲಿಗೇ ನಿಲ್ಲಿಸಿಬಿಡೋಣ ಅನ್ನಿಸುತ್ತದೆ.

ಆಮೇಲೆ ಅಂಕಲ್‌ಗೆ ನರಗಳ ಕಾಯಿಲೆ ಶುರುವಾಯಿತು. ಮೊದಲು ಕೈ ನಡುಗಿತು, ಮೌಸ್ ಹಿಡಿಯಲಾಗದೆ ಹೋಯಿತು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಆ ಸಾಫ್ಟ್‌ವೇರನ್ನು ಗೆರೆಗೆರೆಯಾಗಿ ಹೇಳಿಕೊಟ್ಟರು. ನಾನು ಅವಸರಪಟ್ಟರೆ, "ಲೆಕ್ಕ ಅಲ್ಲಮ್ಮ ಇದು, ಉತ್ತರ ಅವಳ ಮುಖದಲ್ಲಿರುತ್ತೆ. ಪರದೆ ನೋಡ್ಬೇಡ" ಅನ್ನುತ್ತಿದ್ದರು. ಮಕ್ಕಳಿಗೆ ಪಾಠ ಹೇಳುವಾಗ ಬೋರ್ಡ್ ಬಿಟ್ಟು ಮುಖ ನೋಡುವುದನ್ನು ನಾನು ಕಲಿತದ್ದು ಅವರಿಂದ. ನನ್ನ ಟ್ರೈನಿಂಗ್ ಕಾಲೇಜಿನಲ್ಲಿ ಯಾರೂ ಅದನ್ನು ಹೇಳಿರಲಿಲ್ಲ.

ಕೈಯ ನಂತರ ದನಿ. ಎಕ್ಸ್‌ಚೇಂಜಿನಲ್ಲಿ ಇಡೀ ಹಾಲ್ ದಾಟಿ ಕೂಗುತ್ತಿದ್ದವರ ದನಿ ತಿಂಗಳು ತಿಂಗಳಿಗೂ ಇಳಿಯಿತು. ನನಗೇ ಬಾಗಿ ಕೇಳಬೇಕಾಯಿತು. ಆಂಟಿಗೆ ಕೇಳಬೇಕಾದರೆ ಆ ಸಣ್ಣ ದನಿಯಿರುವ ಜಾಗದ ಗೆರೆಯನ್ನು ಏರಿಸಬೇಕು. ಏರಿಸಿದರೆ ಏರುವುದು ಅಂಕಲ್ ದನಿಯೊಂದೇ ಅಲ್ಲ. ಫ್ಯಾನು, ಪಾತ್ರೆ, ಪಕ್ಕದ ಮನೆ ಮಿಕ್ಸಿ, ಎಲ್ಲವೂ ಏರುತ್ತವೆ. ಆಂಟಿಗೆ ತಲೆನೋವು ಶುರುವಾಯಿತು. ಹಣೆಗೆ ಬಟ್ಟೆ ಬಿಗಿದು ಕಟ್ಟಿಕೊಂಡೇ ಓಡಾಡುತ್ತಿದ್ದರು.

ಅಂಕಲ್ ಇಳಿಸು ಅನ್ನುವರು, ಆಂಟಿ ಏರಿಸು ಅನ್ನುವರು. ಮೌಸ್ ನನ್ನ ಕೈಯಲ್ಲಿ.

"ಹಾಕಮ್ಮ, ಇನ್ನೂ ಸ್ವಲ್ಪ ಹಾಕು."

ಅಂಕಲ್ ನನ್ನ ಕಡೆ ತಿರುಗಿ ಪಿಸುಗುಟ್ಟಿದರು: "ಬೇಡ. ವಿಮಾನ ಬಂದ್ರೆ ಸತ್ತೇಹೋಗ್ತಾಳೆ."

"ಕೇಳಿಸ್ತು ನಂಗೆ," ಎಂದರು ಆಂಟಿ. "ನೋಡಿದ್ಯಾ, ಈಗ ಕೇಳಿಸ್ತು. ಇಷ್ಟೇ ಇರಲಿ."

ನಾನು ಅಷ್ಟೇ ಇಟ್ಟೆ. ಮುಂದಿನ ತಿಂಗಳು ಅದೂ ಸಾಲಲಿಲ್ಲ. ಮತ್ತೆ ಏರಿಸಿದೆ. ಅಂಕಲ್ ಕೊನೆಕೊನೆಗೆ ವಾದಿಸುವುದನ್ನೂ ಬಿಟ್ಟು, ಆದಷ್ಟು ಕಡಿಮೆ ಮಾತಾಡತೊಡಗಿದರು. ಅವರು ಮಾತು ಕಡಿಮೆ ಮಾಡಿದ್ದು ಕಾಯಿಲೆಯಿಂದಲ್ಲ, ತಮ್ಮ ಮಾತು ಕೇಳಲೆಂದು ಆಂಟಿ ನೋವು ತಿನ್ನುತ್ತಾರೆಂದು. ಆಂಟಿಗೆ ಅದು ಗೊತ್ತಿತ್ತು, ಅದಕ್ಕೇ ಸುಮ್ಮಸುಮ್ಮನೆ ಏನಾದರೂ ಕೇಳುವರು. "ರೀ, ಸಾರಿಗೆ ಹುಳಿ ಸಾಕಾ?" ಅವರು "ಸಾಕು" ಎನ್ನಬೇಕು. ಅಷ್ಟಕ್ಕೇ ಆಂಟಿ ಇಡೀ ದಿನದ ಗದ್ದಲ ಸಹಿಸುತ್ತಿದ್ದರು.

ಹೆಬ್ಬಾಳದ ಆಸ್ಪತ್ರೆಯಲ್ಲಿ ಅಂಕಲ್ ಹೋದರು. ಬೆಳಿಗ್ಗೆ ಫ್ಲೈಓವರ್ ಮೇಲೆ ಎಂದಿನ ಹಾಗೆ ವಾಹನಗಳು ನಿಂತಿದ್ದವು. ನಾನು ತಲುಪುವಷ್ಟರಲ್ಲಿ ಮುಗಿದಿತ್ತು. ನನಗೆ ಏನೂ ಅನ್ನಿಸಲಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಸಹಿ ಹಾಕಿದೆ, ನೆಂಟರಿಗೆ ಫೋನ್ ಮಾಡಿದೆ, ಬಂದವರಿಗೆ ಕಾಫಿ ಕೊಟ್ಟೆ, ಶಾಲೆಗೆ ರಜೆ ಹೇಳಿದೆ. ಸಕ್ಕರೆ ಸಾಲದು ಎಂದು ಯಾರೋ ಅಂದಾಗ ಅಂಗಡಿಗೂ ಹೋಗಿ ಬಂದೆ. ಅಳುವವರನ್ನು ನೋಡಿ, ಇವರೆಲ್ಲ ಯಾಕೆ ಅಳುತ್ತಿದ್ದಾರೆ ಎಂದು ಒಂದು ಕ್ಷಣ ನಿಜವಾಗಿಯೂ ಯೋಚಿಸಿದೆ. ಆಂಟಿಯೂ ಅಳಲಿಲ್ಲ. ಕಿವಿ ಮೆಷಿನ್ ತೆಗೆದು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಅವರೆದುರು ಕೂತು ಎದೆ ಬಡಿದುಕೊಂಡವರ ಒಂದು ಮಾತೂ ಅವರಿಗೆ ಕೇಳಿರಲಿಕ್ಕಿಲ್ಲ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಬೆಳಿಗ್ಗೆ ಆಂಟಿ ತಾವೇ ಲ್ಯಾಪ್‌ಟಾಪ್ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನನ್ನನ್ನು ಕರೆದರು.

"ಇಳಿಸ್ಬಿಡಮ್ಮ. ಹಾಕ್ಕೊಂಡ್ರೆ ತಲೆ ಸಿಡಿಯುತ್ತೆ, ತೆಗೆದ್ರೆ ಯಾರು ಬಂದಿದ್ದೂ ಗೊತ್ತಾಗಲ್ಲ. ಹಾಲಿನವನು ಬಾಗಿಲು ಬಡಿದು ಬಡಿದು ವಾಪಸ್ ಹೋಗಿದಾನೆ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ವೈರು ಜೋಡಿಸಿದೆ. ಏರಿಸಿಟ್ಟಿದ್ದ ಗೆರೆಯನ್ನು ಇಳಿಸುತ್ತ ಬಂದೆ. ಅವರೇ ನಲ್ಲಿ ತಿರುಗಿಸಿದರು, ಸಾಸಿವೆ ಹಾಕಿದರು. ನಾನು ಪರದೆ ಬಿಟ್ಟು ಅವರ ಮುಖ ನೋಡುತ್ತಿದ್ದೆ. ಹುಬ್ಬಿನ ಗಂಟು ಸ್ವಲ್ಪ ಸ್ವಲ್ಪವಾಗಿ ಸಡಿಲವಾಯಿತು. ಅಷ್ಟು ತಿಂಗಳುಗಳಲ್ಲಿ ಅವರ ಹಣೆ ಹಾಗೆ ಬಿಚ್ಚಿಕೊಂಡದ್ದನ್ನು ನಾನು ನೋಡಿರಲಿಲ್ಲ.

ಉಳಿಸಬೇಕೇ ಎಂದು ಸಾಫ್ಟ್‌ವೇರ್ ಕೇಳಿತು. ಉಳಿಸಿದರೆ ಹಳೆಯ ಹೊಂದಿಕೆ ಅಳಿಯುತ್ತದೆ.

"ಹಳೇದು ಒಂದು ಕಾಪಿ ಇಟ್ಕೊಳ್ಳೋಣ್ವಾ ಆಂಟಿ?"

"ಅದನ್ನ ಇಟ್ಕೊಂಡು ಯಾರ ಮಾತು ಕೇಳಲಿ?"

ಉಳಿಸಿದೆ. ಅವರು ಒಲೆ ಆರಿಸಿ, ನಲ್ಲಿ ನಿಲ್ಲಿಸಿ, ಸ್ಟೂಲಿನ ಮೇಲೆ ಕೂತು ಸ್ವಲ್ಪ ಹೊತ್ತು ಸುಮ್ಮನೆ ಆಲಿಸಿದರು.

"ನೋವು ಪೂರ್ತಿ ಹೋಯ್ತು ಕಣಮ್ಮ," ಎಂದರು. "ಇನ್ನು ಅವರು ಬಂದು ಕರೆದ್ರೂ ನಂಗೆ ಕೇಳಿಸಲ್ಲ."

ನಾನು ಲ್ಯಾಪ್‌ಟಾಪ್ ಮುಚ್ಚಿ ಟವೆಲ್ ಹೊದಿಸಿದೆ. ಏನಾದರೂ ಹೇಳಿದ್ದರೆ ಅವರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.