ಆಸನ ಅಂದರೂ ಹಾಸನವೇ

ಬೆಳಗಿನ ಆರು ಗಂಟೆ. ಡೈರಿಗೆ ಹಾಲು ಹಾಕಿ ಬಂದ ಕಾಮಾಕ್ಷಮ್ಮ ಕ್ಯಾನು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಜಗಲಿಯ ಮೇಲೆ ಕೂರುತ್ತಾರೆ. ಮೊಬೈಲಿನಲ್ಲಿ ಎರಡು ಪದ ಮೂಡುತ್ತವೆ: ‘ತ್ವಾಟ’, ‘ತೋಟ’. ಕೆಳಗೆ ಮೂರು ಗುಂಡಿಗಳು: ಒಂದೇ, ಬೇರೆ, ತಪ್ಪು. ‘ಒಂದೇ’ ಒತ್ತುತ್ತಾರೆ. ಮುಂದಿನ ಜೋಡಿ ಬರುತ್ತದೆ.

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯ ಈ ನಲವತ್ತಾರರ ಹೆಂಗಸು ದಿನಕ್ಕೆ ಇನ್ನೂರಿಪ್ಪತ್ತು ಜೋಡಿ ಪದಗಳಿಗೆ ನೆಂಟಸ್ತನ ಕುದುರಿಸುತ್ತಾರೆ. ಜನ ಮೊಬೈಲಿಗೆ ಬಾಯಲ್ಲಿ ಹೇಳಿ ಏನನ್ನಾದರೂ ಹುಡುಕಿದಾಗ, ಯಾವ ಮಾತು ಯಾವ ಊರಿಗೆ, ಯಾವ ವಿಷಯಕ್ಕೆ ಸೇರಿದ್ದೆಂದು ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ. ಯಾರಾದರೂ ಕೂತು ಕಲಿಸಬೇಕು. ಹತ್ತನೇ ತರಗತಿ ಓದಿದ ಕಾಮಾಕ್ಷಮ್ಮ ಕಲಿಸುತ್ತಿದ್ದಾರೆ.

"ಗಂಡು ಎಣ್ಣು ನೋಡ್ದಂಗೆ ಸಾ. ಅಕ್ಕಪಕ್ಕ ಯಾರವ್ರೆ ಅಂತ ಇಚಾರಿಸ್ಬೇಕು," ಎಂದು ನಗುತ್ತಾರೆ.

ಈ ಸೀಮೆಯವರ ನಾಲಿಗೆಯಲ್ಲಿ ‘ಹ’ಕಾರಕ್ಕೆ ಜಾಗ ಕಡಿಮೆ. ಹಸು ಅಸುವಾಗುತ್ತದೆ, ಹಾಸನ ಆಸನವಾಗುತ್ತದೆ. ಕಳೆದ ವರ್ಷ ಪಕ್ಕದ ಮನೆಯ ಕೆಂಚಯ್ಯನಿಗೆ ಕಣ್ಣು ಮಂಜಾಯಿತು. "ಆಸನದಲ್ಲಿ ಕಣ್ಣಾಸ್ಪತ್ರೆ ಎಲ್ಲೈತೆ?" ಎಂದು ಮೊಬೈಲನ್ನು ಕೇಳಿದರು. ಅದು ಕಣ್ಣು ಮುಚ್ಚಿ ಪದ್ಮಾಸನದಲ್ಲಿ ಕೂತ ಯೋಗದ ಮೇಷ್ಟ್ರನ್ನು ತೋರಿಸಿತು. ಜಗಲಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಕೆಂಚಯ್ಯ ನಗಲಿಲ್ಲ. "ನನ್ ನಾಲ್ಗೇನೇ ಸರಿಯಿಲ್ಲ ಕಣವ್ವ," ಎಂದು ಮೊಬೈಲನ್ನು ಗೂಡಿನಲ್ಲಿಟ್ಟವರು ಮತ್ತೆ ಅದರೊಂದಿಗೆ ಮಾತಾಡಿಲ್ಲ. ಕೊನೆಗೆ ಕಾಮಾಕ್ಷಮ್ಮನೇ ಬಸ್ಸು ಹತ್ತಿಸಿ ಕರೆದೊಯ್ದು ಒಂದು ಕಣ್ಣಿನ ಪೊರೆ ತೆಗೆಸಿದರು. ಎಪ್ಪತ್ತು ವರ್ಷ ಆಡಿದ ಮಾತಿಗೆ ಮುದುಕ ನಾಚಿಕೊಂಡದ್ದನ್ನು ಕಾಮಾಕ್ಷಮ್ಮ ಇವತ್ತಿಗೂ ಮರೆತಿಲ್ಲ.

ಹಾಗಾಗಿ ‘ಆಸನ–ಹಾಸನ’ ಜೋಡಿ ಬಂದಾಗ ‘ಒಂದೇ’ ಒತ್ತಿದರು. ಕೆಲಸ ಕೊಡುವ ಕಚೇರಿಯ ಮೇಲ್ವಿಚಾರಕ ಶಾಂತರಾಜು ಫೋನು ಮಾಡಿದರು. "ಅದು ಉಚ್ಚಾರಣೆ ತಪ್ಪು ಕಣಮ್ಮ. ‘ತಪ್ಪು’ ಅಂತ್ಲೇ ಒತ್ತಿ." ಎರಡನೇ ಸಲವೂ ಇವರು ‘ಒಂದೇ’ ಒತ್ತಿದರು. ಮೂರನೇ ಸಲ ಹಾಗೆ ಮಾಡಿದರೆ ಕೆಲಸ ಇಲ್ಲ ಎಂಬ ಎಚ್ಚರಿಕೆ ಬಂತು. ಮಗಳು ಧನುಶ್ರೀಯ ನರ್ಸಿಂಗ್ ಓದು ನಡೆಯುತ್ತಿರುವುದು ಇದೇ ಕೆಲಸದಿಂದ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಕಾಮಾಕ್ಷಮ್ಮನ ದನಿ ಏರುತ್ತದೆ. "ಕೇಳಕ್ಕೆ ಬರ್ದೆ ಇರೋದು ಆ ಮಿಷಿನ್ಗೆ. ಡೊಂಕು ನಮ್ ನಾಲ್ಗೇನಾ ಸಾ?"

ಕಳೆದ ಸೋಮವಾರ ಅದೇ ಜೋಡಿ ಮೂರನೇ ಸಲ ಬಂತು. ‘ಒಂದೇ’ ಒತ್ತಿ, ಷರಾ ಬರೆಯುವ ಜಾಗ ತುಂಬಿಸಿದರು: ‘ಪಕ್ಕದಲ್ಲಿ ಆಸ್ಪತ್ರೆ, ಬಸ್ಸು, ಡಿ.ಸಿ. ಆಫೀಸು ಇದ್ದರೆ ಅದು ಊರು. ಉಸಿರು, ಬೆನ್ನು, ಚಾಪೆ ಇದ್ದರೆ ಯೋಗ. ಇದು ನಮ್ಮೂರ ಮಕ್ಕಳಿಗೂ ಗೊತ್ತು.’ ಅಷ್ಟಕ್ಕೇ ಬಿಡಲಿಲ್ಲ. ಅರಕಲಗೂಡು, ಚನ್ನರಾಯಪಟ್ಟಣದ ನೆಂಟರಿಗೆಲ್ಲ ಫೋನು ಮಾಡಿ, ನಲವತ್ತು ಜನರ ಬಾಯಲ್ಲಿ ಊರಿನ ಹೆಸರು ಹೇಳಿಸಿ ಆ ರೆಕಾರ್ಡನ್ನೂ ಕಳಿಸಿದರು. ನಲವತ್ತರಲ್ಲಿ ಮೂವತ್ತೇಳು ಮಂದಿ ಅಂದದ್ದು ‘ಆಸನ’.

ಕಚೇರಿಯಿಂದ ಇನ್ನೂ ಉತ್ತರವಿಲ್ಲ. ಕೆಲಸ ಹೋದರೆ?

"ಓದ್ರೆ ಓಗ್ಲಿ ಸಾ, ಇನ್ನೊಂದು ಉಡುಕ್ಕೋತೀನಿ. ಕೆಂಚಯ್ಯಂದು ಇನ್ನೊಂದ್ ಕಣ್ಣು ಬಾಕಿ ಐತೆ. ಈ ಸಲ ಅವ್ರೇ ಕೇಳ್ಬೇಕು, ಅದು ದಾರಿ ತೋರಿಸ್ಬೇಕು. ಅಷ್ಟೇಯ."

ಮಾತು ಮುಗಿಸಿ ಎದ್ದವರು, ವರದಿಗೆಂದು ನಾನು ಬರೆದುಕೊಂಡ ಪುಸ್ತಕದ ಕಡೆ ಕಣ್ಣು ಹಾಯಿಸಿ ತಡೆಯುತ್ತಾರೆ.

"ನನ್ ಮಾತ್ನ ಪೇಪರ್ನಲ್ಲಿ ಆಕೋವಾಗ ತಿದ್ದಬ್ಯಾಡಿ ಸಾ. ನಾನೆಂಗಂದೆ, ಅಂಗೇ ಇರ್ಲಿ."