ಮಸ್ಕತ್ತಿಗೆ ಹೊರಟ ಗಿಣಿಯ ಸೀನು

ಈಗಿನ ಕಾನೂನಿನಲ್ಲಿ ಮನೆಯಲ್ಲಿ ಗಿಣಿ ಸಾಕುವುದೇ ಅಪರಾಧವಂತೆ. ಎಂಬತ್ತರ ದಶಕದಲ್ಲಿ, ಬ್ಯಾಡಗಿಯ ನಮ್ಮ ಮನೆಯಲ್ಲಿ, ಅಪರಾಧಿ ಗಿಣಿಯೇ ಆಗಿತ್ತು. ನಸುಕಿನಲ್ಲಿ ಅವ್ವನ ದನಿ ತೆಗೆದು ನನ್ನನ್ನು ಏಳು ಏಳು ಎಂದು ಕೂಗುತ್ತಿತ್ತು. ನಾನು ಎದ್ದು ಮುಖ ತೊಳೆದು ಬಂದರೆ ಅವ್ವ ಇನ್ನೂ ಹೊದ್ದು ಮಲಗಿರುತ್ತಿದ್ದಳು. ಹೀಗಾಗಿ, ಮದುವೆಯಾದ ಅಕ್ಕ ಮಸ್ಕತ್ತಿಗೆ ಗಂಡನ ಹತ್ತಿರ ಹೋಗುವಾಗ ಗಿಣಿಯನ್ನೂ ಒಯ್ಯುತ್ತೇನೆಂದು ಹಟ ಹಿಡಿದಾಗ, ಮನೆಯಲ್ಲಿ ಖುಷಿಪಟ್ಟವಳು ನಾನೊಬ್ಬಳೇ.

ಗಿಣಿ ಬರದಿದ್ದರೆ ತಾನೂ ಹೋಗುವುದಿಲ್ಲ ಎಂದುಬಿಟ್ಟಿದ್ದಳು ಅಕ್ಕ. ಭಾವ ಅಲ್ಲಿಂದ ಪತ್ರ ಬರೆದಿದ್ದ: ಹಕ್ಕಿ ತರಬಹುದು, ಆದರೆ ಅದಕ್ಕೆ ರೋಗವಿಲ್ಲ ಎಂದು ಸರಕಾರಿ ದನದ ಡಾಕ್ಟರ ಸಹಿ ಬೇಕು. ಅಪ್ಪ ಪತ್ರ ಓದಿ, ನೋಡೋಣ ಎಂದು ಅಂಗಡಿಗೆ ಹೋದ. ಹಾವೇರಿ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದ ನಾನು, ಸಹಿಯ ಜವಾಬ್ದಾರಿ ನನ್ನದೆಂದು ಎದೆ ತಟ್ಟಿಕೊಂಡೆ.

ಹಾವೇರಿಯ ಡಾಕ್ಟರು ಎಮ್ಮೆಯೊಂದರ ಹೊಟ್ಟೆಯುಬ್ಬರ ಇಳಿಸಿ ಕೈ ತೊಳೆದುಕೊಂಡು ಪಂಜರದ ಮುಂದೆ ಕುಳಿತರು. ಗಿಣಿ ಅವರನ್ನು ಮೇಲಿಂದ ಕೆಳಗೆ ನೋಡಿ, ಕತ್ತು ಕೊಂಕಿಸಿ, ಭರ್ಜರಿಯಾಗಿ ಸೀನಿತು. ಮತ್ತೊಮ್ಮೆ ಸೀನಿತು.

"ಹಕ್ಕಿಗೆ ನೆಗಡಿ ಐತಿ. ನಾ ಸಹಿ ಮಾಡಂಗಿಲ್ಲ," ಎಂದರು ಡಾಕ್ಟರು.

ನನಗೆ ತಲೆಬುಡ ತಿಳಿಯಲಿಲ್ಲ. ಗಿಣಿ ಸೀನುತ್ತದೆ ಎಂಬುದನ್ನು ನಾವು ಯಾರೂ ಗಮನಿಸಿಯೇ ಇರಲಿಲ್ಲ. ಹೇಗೆ ಗಮನಿಸಬೇಕು? ಹಗಲೆಲ್ಲ ಅದರ ಪಂಜರ ಅಪ್ಪನ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ತೂಗುತ್ತಿತ್ತು. ಸುಗ್ಗಿಯಲ್ಲಿ ಅಲ್ಲಿ ಹಮಾಲರು ಸೀನುತ್ತಿದ್ದರು, ಚೀಲ ತಂದ ರೈತರು ಸೀನುತ್ತಿದ್ದರು, ಬಂಡಿಯ ಎತ್ತುಗಳೂ ಸೀನುತ್ತಿದ್ದವು. ಮನುಷ್ಯರು ಆಡುವ ಭಾಷೆಯೇ ಅದು ಎಂದುಕೊಂಡು ಗಿಣಿ ಕಲಿತುಬಿಟ್ಟಿತ್ತು. ಊರಲ್ಲಿ ಸೀನಿಗೆ ಕಿಮ್ಮತ್ತೇ ಇರಲಿಲ್ಲ. ಹೊರಡುವಾಗ ಒಂಟಿ ಸೀನು ಬಂದರೆ ಕುಳಿತು ನೀರು ಕುಡಿದು ಹೊರಡಬೇಕೆಂಬ ಪದ್ಧತಿಗೂ ಅವ್ವ ರಿಯಾಯಿತಿ ಕೊಟ್ಟಿದ್ದಳು: ಮೆಣಸಿನಕಾಯಿ ಘಾಟಿನ ಸೀನು ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ ಬ್ಯಾಡಗಿಯಲ್ಲಿ ಒಬ್ಬರೂ ಹೊಸಿಲು ದಾಟುತ್ತಿರಲಿಲ್ಲ.

ಇದನ್ನೆಲ್ಲ ಡಾಕ್ಟರಿಗೆ ವಿವರಿಸಿದೆ. ಕಾಲೇಜು ಹುಡುಗಿಯರ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿದರು.

ಕೊನೆಗೆ, ಸೀನು ಮರೆಯಲೆಂದು ಗಿಣಿಯನ್ನು ರಾಣೇಬೆನ್ನೂರಿನ ಸೋದರತ್ತೆಯ ಮನೆಗೆ ಬಿಟ್ಟು ಬಂದೆ. ಅಲ್ಲಿ ಘಾಟಿಲ್ಲ, ಸೀನುವವರೂ ಇಲ್ಲ. ಆದರೆ ಅತ್ತೆ ಮಹಾ ಭಕ್ತೆ. ಮನೆಯಲ್ಲಿ ಯಾರೇ ಸೀನಿದರೂ ಶಿವ ಶಿವ ಅನ್ನದೆ ಬಿಡುವವಳಲ್ಲ. ಗಿಣಿಗೂ ಅಂದಳು. ಹದಿನೈದು ದಿನ ಬಿಟ್ಟು ಕರೆತರಲು ಹೋದರೆ, ಮಹಾರಾಯ ತಾನೇ ಸೀನಿ, ತಾನೇ ಶಿವ ಶಿವ ಅನ್ನುತ್ತಿದ್ದ. ಪಂಜರವನ್ನು ತುಂಗಭದ್ರೆಗೆ ಎಸೆದು ಬರುವಷ್ಟು ಸಿಟ್ಟು ಬಂತು ನನಗೆ.

ಬೇರೆ ದಾರಿಯಿಲ್ಲದೆ ಮತ್ತೆ ಹಾವೇರಿಗೆ ಹೋದೆ. ಗಿಣಿ ಡಾಕ್ಟರ ಮುಖಕ್ಕೆ ನೇರವಾಗಿ ಸೀನಿ, ಶಿವ ಶಿವ ಎಂದಿತು. ಅವರು ಮುಖ ಒರೆಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೆಗಡಿ ಆದ ಹಕ್ಕಿಗೆ ಇಷ್ಟ ನಾಟಕ ಮಾಡಾಕ ತ್ರಾಣ ಇರೂದಿಲ್ಲ ಬಿಡವಾ," ಎಂದು ಸಹಿ ಹಾಕಿದರು. ಮೊಹರನ್ನು ಎರಡು ಸಲ ಒತ್ತಿದರು.

ಹೊರಡುವ ದಿನ ಪೇಟೆಗೆ ರಜೆ ಇತ್ತು. ಗಾಳಿಯಲ್ಲಿ ಘಾಟಿನ ವಾಸನೆಯೂ ಇರಲಿಲ್ಲ. ಮುಂಬಯಿಯಿಂದ ವಿಮಾನಕ್ಕೆ ಇನ್ನೂ ಮೂರು ದಿನವಿದ್ದರೂ, ಅಕ್ಕನಿಗೆ ಅವತ್ತಿನ ರೈಲೇ ಆಗಬೇಕಿತ್ತು. ಅವಳು ಅವ್ವನ ಕಾಲಿಗೆ ಬಿದ್ದು ಎದ್ದು ಹೊಸಿಲಿಗೆ ಬಂದಳು. ನನ್ನ ಕೈಯಲ್ಲಿದ್ದ ಪಂಜರದಿಂದ ಸೀನು ಬಂತು, ಹಿಂದೆಯೇ ಶಿವ ಶಿವ. ಘಾಟಿಲ್ಲದ ದಿನವಾದ್ದರಿಂದ ಅವ್ವನ ರಿಯಾಯಿತಿ ನಡೆಯಲಿಲ್ಲ. ಎಲ್ಲರೂ ಕುಳಿತು ನೀರು ಕುಡಿದೆವು. ಗಿಣಿಯ ಬಾಯಿ ಮುಚ್ಚಿಸಲೆಂದು ನಾನು ಒಂದು ಪೇರಲ ಹಣ್ಣನ್ನು ಪಂಜರದೊಳಗೆ ತುರುಕಿದೆ.

ಅಕ್ಕ ಎರಡನೇ ಸಲ ಹೊಸಿಲ ಹತ್ತಿರ ಬಂದಳು. ಮತ್ತೆ ಸೀನು. ಅವ್ವ ಗಿಣಿಯನ್ನು ಬೈದಳು. ಆದರೆ ಗಿಣಿ ಪೇರಲದಲ್ಲಿ ಮುಖ ಹುದುಗಿಸಿತ್ತು, ಮತ್ತು ಈ ಸೀನಿನ ಹಿಂದೆ ಶಿವ ಶಿವ ಬರಲಿಲ್ಲ. ನಾನು ಹೊರಳಿ ನೋಡಿದೆ.

ಅಪ್ಪ ಟವೆಲಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ. ಅರ್ಧ ಆಯುಷ್ಯವನ್ನು ಮೆಣಸಿನಕಾಯಿಯ ನಡುವೆ ಕಳೆದರೂ ಅವನು ಸೀನಿದ್ದನ್ನು ನಾನು ಕಂಡಿರಲಿಲ್ಲ. ಶಕುನ ಅಂದರೆ ಅವ್ವನನ್ನು ಚೇಷ್ಟೆ ಮಾಡುವ ಮನುಷ್ಯ. ಅವನು ನನ್ನ ಕಣ್ಣು ತಪ್ಪಿಸಿ, ಅಕ್ಕನಿಗೆ ಹೇಳಿದ:

"ಕುಂದ್ರವಾ. ಒಂಟಿ ಸೀನು ಛಲೋ ಅಲ್ಲ."

ಇಷ್ಟು ದಿನ ಸಹಿಗಾಗಿ ಊರೂರು ಅಲೆದವಳು ನಾನು. ಗಿಣಿಯ ಕಾಟ ತಪ್ಪುತ್ತದೆ ಎಂಬ ಹುಮ್ಮಸ್ಸಿನಲ್ಲಿ ಅಕ್ಕನೂ ಹೋಗುತ್ತಾಳೆ ಎಂಬುದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಳು ಹೋಗುವುದು ನನಗೂ ಬೇಡವಾಗಿತ್ತು.

ಅವ್ವ ನನಗೆ ನೀರು ತಾ ಎಂದಳು. ಅದನ್ನು ಕುಡಿಯದೆ ಅಕ್ಕ ಹೊಸಿಲು ದಾಟುವಂತಿರಲಿಲ್ಲ. ಅಡುಗೆಮನೆಗೆ ಹೋದ ನಾನು ತಂಬಿಗೆಯನ್ನು ಮತ್ತೆ ಮತ್ತೆ ತೊಳೆಯುತ್ತ, ಸ್ಟೇಷನ್ನಿನಿಂದ ರೈಲು ಹೊರಟ ಸೀಟಿ ಕೇಳುವವರೆಗೂ ಹೊರಗೆ ಬರಲಿಲ್ಲ.